ಆನೆಗೆ ಮಂಡಿಯಿಲ್ಲವೆಂದ ಗ್ರಂಥಗಳು ಮತ್ತು ಮಲೆನಾಡಿನ ಒಂದು ಗೀತಮಾಲೆ

ಪ್ರಶ್ನೆ: ಸಾಗರದ ಓದುಗ

ಎಲ್ಲರಿಗೂ ನಮಸ್ಕಾರ. 12 ಮತ್ತು 13ನೆಯ ಶತಮಾನಗಳಲ್ಲಿ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ, ಚರ್ಮದ ಹಾಳೆಗಳ ಮೇಲೆ ಚಿನ್ನದ ರೇಕು ಹಚ್ಚಿದ ಚಿತ್ರಗಳ ಸಮೇತ ಬರೆಯಿಸುತ್ತಿದ್ದ ಬೆಸ್ಟಿಯರಿಗಳೆಂಬ ಪ್ರಾಣಿಗ್ರಂಥಗಳನ್ನು ಕೆಲವು ತಿಂಗಳುಗಳಿಂದ ಓದುತ್ತಿದ್ದೇನೆ. ಕ್ರಿಸ್ತಶಕದ ಆರಂಭದ ಶತಮಾನಗಳ 'ಫಿಸಿಯೊಲೊಗಸ್' ಎಂಬ ಗ್ರೀಕ್ ಕೃತಿ ಇವುಗಳಿಗೆ ಮೂಲ. ಇವುಗಳಲ್ಲಿ ಮೊದಲು ಪ್ರಾಣಿಯ ಸ್ವಭಾವ ಬರುತ್ತದೆ, ಬಳಿಕ ಅದರ ಅರ್ಥ. ಸಿಂಹದ ಮರಿ ಸತ್ತೇ ಹುಟ್ಟುತ್ತದೆ, ಮೂರನೆಯ ದಿನ ತಂದೆ ಬಂದು ಉಸಿರೂದಿದಾಗ ಅದಕ್ಕೆ ಜೀವ ಬರುತ್ತದೆ ಎಂಬುದು ಸ್ವಭಾವವಾದರೆ, ಕ್ರಿಸ್ತನ ಪುನರುತ್ಥಾನವೇ ಅದರ ಅರ್ಥ.

ಇದೇ ಚೌಕಟ್ಟಿನಲ್ಲಿ ನಮ್ಮ ಕಡೆಯ ಪ್ರಾಣಿಗಳ ಮೇಲೆ ಒಂದು ಗೀತಮಾಲೆಯನ್ನು ಕಟ್ಟಬೇಕೆಂದಿದ್ದೇನೆ. ಸಿಂಗಳೀಕ, ಚಿಪ್ಪುಹಂದಿ, ಕಾಳಿಂಗ ಸರ್ಪ ಮತ್ತು ಮಂಗಟ್ಟೆ ಹಕ್ಕಿ ಸದ್ಯದ ಪಟ್ಟಿಯಲ್ಲಿವೆ. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಅದರ ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ, ಉಳಿದ ಕಿರಿದಾದ ಸೀಳಿನ ಮೂಲಕ ಗಂಡು ವಾರಗಟ್ಟಲೆ ಹಣ್ಣು ತಂದುಕೊಡುತ್ತದೆ. ಹಳೆಯ ಗ್ರಂಥಕಾರನಿಗೆ ಇದು ಸಿಕ್ಕಿದ್ದರೆ ಪಾತಿವ್ರತ್ಯದ ಉಪದೇಶವನ್ನು ಬರೆದೇ ಬಿಡುತ್ತಿದ್ದ. ನನಗೆ ಆ ಉಪದೇಶ ಬೇಡ. ಆದರೆ ಅರ್ಥದ ಭಾಗವನ್ನೇ ಕೈಬಿಟ್ಟರೆ ಉಳಿಯುವುದು ಬರಿಯ ಪಕ್ಷಿವೀಕ್ಷಣೆಯ ಟಿಪ್ಪಣಿ. ಈಚಿನ ಕವಿಗಳೂ ಸಂಗೀತಗಾರರೂ ಈ ತೊಡಕನ್ನು ಹೇಗೆ ದಾಟಿದ್ದಾರೆ?

ಉತ್ತರ: ತೀರ್ಥಹಳ್ಳಿಯ ಮೇಷ್ಟ್ರು

ಶಿವಮೊಗ್ಗಕ್ಕೆ ಹೋಗುವಾಗಲೆಲ್ಲ ಸಕ್ರೆಬೈಲಿನಲ್ಲಿ ಆನೆಗಳು ಮಂಡಿ ಮಡಚಿ ತುಂಗೆಯ ನೀರಿನಲ್ಲಿ ಮಲಗುವುದನ್ನು ನೋಡಲು ನಿಲ್ಲುವವನು ನಾನು. ಆನೆಯ ಕಾಲಿಗೆ ಕೀಲೇ ಇಲ್ಲ, ಅದು ಮರಕ್ಕೆ ಒರಗಿಯೇ ನಿದ್ರಿಸುತ್ತದೆ, ಬೇಟೆಗಾರರು ಆ ಮರವನ್ನು ಅರ್ಧ ಕೊಯ್ದಿಟ್ಟು ಅದನ್ನು ಬೀಳಿಸುತ್ತಾರೆ ಎಂದು ಬೆಸ್ಟಿಯರಿಗಳು ಹೇಳುವುದನ್ನು ಓದಿದಾಗ ಸಹಜವಾಗಿಯೇ ನಗು ಬಂತು. 1255ರಲ್ಲಿ ಫ್ರಾನ್ಸಿನ ಅರಸ ಒಂಬತ್ತನೆಯ ಲೂಯಿ ಇಂಗ್ಲೆಂಡಿನ ಮೂರನೆಯ ಹೆನ್ರಿಗೆ ಒಂದು ಆನೆಯನ್ನು ಕಾಣಿಕೆ ಕಳುಹಿಸಿದ, ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ಅದರ ಚಿತ್ರ ಬರೆದ, ಆ ಚಿತ್ರದ ಆನೆಗೆ ಮಂಡಿಯಿದೆ. ಆದರೂ ಬಿದ್ದ ಆನೆಯನ್ನು ದೊಡ್ಡ ಆನೆಗಳೆಲ್ಲ ಸೇರಿ ಎತ್ತಲಾರದೆ ಸೋತಾಗ ಪುಟ್ಟ ಆನೆಯೊಂದು ಬಂದು ಎತ್ತುತ್ತದೆ ಎಂಬ ಮುಂದಿನ ಮಾತನ್ನು ಓದಿದ ಮೇಲೆ ನನ್ನ ನಗು ನಿಂತಿತು.

ತಮ್ಮ ಪ್ರಶ್ನೆಗೆ ನನಗೆ ತೋಚುವ ಉತ್ತರ ಫ್ರೆಂಚ್ ಕವಿ ಅಪೊಲಿನೇರ್ 1911ರಲ್ಲಿ ಪ್ರಕಟಿಸಿದ 'ಬೆಸ್ಟಿಯರಿ'ಯಲ್ಲಿದೆ. ರಾವೂಲ್ ದ್ಯೂಫಿಯ ಮರದಚ್ಚಿನ ಚಿತ್ರಗಳ ಜೊತೆಗೆ ಬಂದ ಈ ಪುಸ್ತಕದ ಬಹುಪಾಲು ಪದ್ಯಗಳು ನಾಲ್ಕೇ ಸಾಲಿನವು. ಆಕ್ಟೋಪಸ್ಸಿನ ಪದ್ಯದಲ್ಲಿ ಶಾಯಿ ಚೆಲ್ಲುವ, ಪ್ರೀತಿಸಿದವರ ರಕ್ತ ಹೀರುವ ಆ ಪ್ರಾಣಿಯನ್ನು ವರ್ಣಿಸಿ, ಕೊನೆಯ ಸಾಲಿನಲ್ಲಿ ಆ ರಾಕ್ಷಸ ಬೇರೆ ಯಾರೂ ಅಲ್ಲ, ತಾನೇ ಎನ್ನುತ್ತಾನೆ. ಅರ್ಥದ ಭಾಗ ಹಾಗೆಯೇ ಉಳಿದಿದೆ, ಆದರೆ ಅದು ಕೇಳುವವನ ಕಡೆಗೆ ಬೆರಳು ತೋರುವುದಿಲ್ಲ.

ಫ್ರೆಂಚ್ ಸಂಗೀತಕಾರ ಪೂಲಾಂಕ್ 1919ರಲ್ಲಿ ಇವುಗಳಲ್ಲಿ ಆರು ಪದ್ಯಗಳಿಗೆ ಸಂಗೀತ ಸಂಯೋಜಿಸಿ ಹಾಡುಗಳಾಗಿಸಿದ. ಕೊಳದ ಕಾರ್ಪ್ ಮೀನುಗಳನ್ನು ಸಾವು ಮರೆತೇಬಿಟ್ಟಿದೆಯೇ ಎಂದು ಕೇಳುವ ಕೊನೆಯ ಹಾಡನ್ನು ತಾವು ತಪ್ಪದೆ ಕೇಳಬೇಕು. ಸಂಗೀತ ಅಲ್ಲಿ ಹೆಚ್ಚುಕಡಿಮೆ ಕದಲುವುದೇ ಇಲ್ಲ.

ಉತ್ತರ: ಶಿಕಾರಿಪುರದಿಂದ ಒಬ್ಬರು

ಮೇಷ್ಟ್ರ ಮಾತು ಸರಿ, ಆದರೆ ಅದಕ್ಕಾಗಿ ಪ್ಯಾರಿಸ್ಸಿನವರೆಗೆ ಹೋಗಬೇಕಾಗಿರಲಿಲ್ಲ. ಬೆಳದಿಂಗಳನ್ನು ಕುಡಿಯುವ ಚಕೋರ, ಹಾಲು ನೀರನ್ನು ಬೇರ್ಪಡಿಸುವ ಹಂಸ ಇವೆಲ್ಲ ನಮ್ಮಲ್ಲಿ ಕವಿಸಮಯಗಳು, ಅಂದರೆ ಕವಿಗಳು ರೂಢಿಯಿಂದ ಒಪ್ಪಿಕೊಂಡ ಕಲ್ಪನೆಗಳು. ರಾಜಶೇಖರನ 'ಕಾವ್ಯಮೀಮಾಂಸೆ' ಕವಿಸಮಯವನ್ನು ವಿಸ್ತಾರವಾಗಿಯೇ ಚರ್ಚಿಸುತ್ತದೆ. ಅದು ನಿಜವೇ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ನಿಜವೆಂದು ಯಾರೂ ಹೇಳಿಕೊಂಡಿಲ್ಲ. ಇನ್ನು ಬಸವಣ್ಣನವರ ಒಂದು ವಚನದಲ್ಲಿ ಚಕೋರಕ್ಕೆ ಚಂದ್ರನ ಬೆಳಕಿನ ಚಿಂತೆ, ತಾವರೆಗೆ ಸೂರ್ಯೋದಯದ ಚಿಂತೆ, ದುಂಬಿಗೆ ಪರಿಮಳದ ಚಿಂತೆ ಎಂದು ಸ್ವಭಾವಗಳ ಸಾಲು ಬಂದು, ಕಡೆಗೆ ತನಗೆ ದೇವರನ್ನು ನೆನೆಯುವುದೇ ಚಿಂತೆ ಎಂದು ಮಾತು ತನ್ನ ಮೇಲೆಯೇ ಬಂದು ನಿಲ್ಲುತ್ತದೆ. ಇದು 12ನೆಯ ಶತಮಾನದ ಮಾತು, ಅಂದರೆ ಬೆಸ್ಟಿಯರಿಗಳ ಕಾಲದ್ದೇ.

ಅಂದಹಾಗೆ, ತಾವು ಬಳ್ಳಿಗಾವಿಗೆ ಬಂದರೆ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬವನ್ನು ನೋಡಿ. ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆಗಳು. ಪಟ್ಟಿಯಲ್ಲಿ ಅದಕ್ಕೊಂದು ಜಾಗ ಇರಲೇಬೇಕೆಂಬುದು ನನ್ನ ಪಕ್ಷಪಾತ.

ಉತ್ತರ: ಶಿವಮೊಗ್ಗದ ಸಂಗೀತ ವಿದ್ಯಾರ್ಥಿನಿ

ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ರಚಿಸಿದ 'ಸಂಗೀತ ರತ್ನಾಕರ'ದಲ್ಲಿ ಏಳು ಸ್ವರಗಳಿಗೆ ಒಂದೊಂದು ಪ್ರಾಣಿಯ ದನಿಯಂತೆ ಷಡ್ಜಕ್ಕೆ ನವಿಲು, ಋಷಭಕ್ಕೆ ಚಾತಕ, ಗಾಂಧಾರಕ್ಕೆ ಆಡು, ಮಧ್ಯಮಕ್ಕೆ ಕ್ರೌಂಚ, ಪಂಚಮಕ್ಕೆ ಕೋಗಿಲೆ, ಧೈವತಕ್ಕೆ ಕಪ್ಪೆ, ನಿಷಾದಕ್ಕೆ ಆನೆ ಎಂದಿದೆ. ನವಿಲಿನ ಕೂಗನ್ನು ಹತ್ತಿರದಿಂದ ಕೇಳಿದವರಾರೂ ಅದರಲ್ಲಿ ಷಡ್ಜದ ನೆಮ್ಮದಿಯನ್ನು ಕಂಡಿರಲಾರರು. ಆದ್ದರಿಂದ ಪ್ರಾಣಿಯ ದನಿಯನ್ನು ಅನುಕರಿಸಲು ಹೋಗಬೇಡಿ, ಅದರ ಇರವಿನ ರೀತಿಯನ್ನು ಸ್ವರದಲ್ಲಿ ಹಿಡಿಯಿರಿ. ಮಂಗಟ್ಟೆಯ ಹಾಡಿನ ಮೊದಲ ಭಾಗವನ್ನು ಎರಡು ಸ್ಥಾಯಿಗಳಲ್ಲಿ ಸಂಚರಿಸಲು ಬಿಟ್ಟು, ಎರಡನೆಯ ಭಾಗದಲ್ಲಿ ಗಾಯಕಿಗೆ ಮೂರೇ ಸ್ವರಗಳನ್ನು ಕೊಡಿ. ಆ ಸೀಳಿನ ಮೂಲಕ ಎಷ್ಟು ದಾಟಬಹುದೋ ಅಷ್ಟೇ ದಾಟಲಿ. ಮಾತು ಒಳಗೆ ಕುಳಿತವಳದ್ದೇ ಆಗಿರಲಿ, ಏಕೆಂದರೆ ಬಾಗಿಲು ಮುಚ್ಚಿಕೊಂಡವಳೂ ಮುಂದೆ ಒಡೆದು ಹೊರಬರುವವಳೂ ಅವಳೇ.

ಪ್ರಶ್ನೆ ಕೇಳಿದವರು: ಸಾಗರದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಮೂರು ಸ್ವರಗಳ ಸಲಹೆಯನ್ನು ಹಾಗೆಯೇ ಸ್ವೀಕರಿಸಿದ್ದೇನೆ, ಹಾಡಿನ ಎರಡನೆಯ ಭಾಗವನ್ನು 'ನಾನು' ಎಂದೇ ಆರಂಭಿಸುತ್ತೇನೆ. ಗಂಡಭೇರುಂಡದ ವಿಷಯವನ್ನು ಇನ್ನೂ ಯೋಚಿಸಬೇಕು, ಕಣ್ಣಾರೆ ಕಂಡ ಪ್ರಾಣಿಗಳ ನಡುವೆ ಅದು ಹೇಗೆ ಕೂರುತ್ತದೆಯೋ ತಿಳಿಯದು. ಈಗ ಉಳಿದಿರುವ ಕಷ್ಟ ಕಾಳಿಂಗನದು. ಶಾರ್ಙ್ಗದೇವನ ಸ್ವರಗಳಲ್ಲಿ ಹಾವಿಗೆ ಪಾಲಿಲ್ಲ. ಬೆಸ್ಟಿಯರಿಗಳಲ್ಲಂತೂ ಆಸ್ಪ್ ಎಂಬ ಹಾವು ಮಂತ್ರವಾದಿಯ ಹಾಡು ಕೇಳಬಾರದೆಂದು ಒಂದು ಕಿವಿಯನ್ನು ನೆಲಕ್ಕೊತ್ತಿ ಇನ್ನೊಂದಕ್ಕೆ ಬಾಲವನ್ನು ತುರುಕಿಕೊಳ್ಳುತ್ತದೆ. ಸಂಗೀತವೇ ಬೇಡವೆಂದ ಪ್ರಾಣಿಯನ್ನು ಯಾವ ರಾಗದಲ್ಲಿ ಹಾಡಬೇಕೆಂದು ಶಿವಮೊಗ್ಗದ ವಿದ್ಯಾರ್ಥಿನಿಯವರು ಬಿಡುವಾದಾಗ ತಿಳಿಸಬೇಕು.