ಸಹಾಯ ಬೇಕು: ಗೋವಂಡಿಯ ಫೀಲ್ಡ್‌ವರ್ಕ್‌ಗೆ ದುಡ್ಡು ಹೊಂದಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಗೋವಂಡಿ, ಮಾನ್‌ಖುರ್ದ್ ಕಡೆ ಇರುವ ನಮ್ಮ ಕಲಬುರಗಿ, ಯಾದಗಿರಿಯ ಕೂಲಿಕಾರರು ಟಿಬಿ ಚಿಕಿತ್ಸೆಯನ್ನು ಯಾಕೆ ಅರ್ಧಕ್ಕೆ ಬಿಡುತ್ತಾರೆ ಅನ್ನೋದು ನನ್ನ ವಿಷಯ. ಸರ್ಕಾರಿ ದವಾಖಾನೆಯಲ್ಲಿ ಮಾತ್ರೆ ಪುಕ್ಕಟೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಆದರೆ ಸಾಮಾನ್ಯ ಟಿಬಿಗೂ 6 ತಿಂಗಳು ಮಾತ್ರೆ ನುಂಗಬೇಕು. ನಡುವೆ ಬಿತ್ತನೆಗೋ ಜಾತ್ರೆಗೋ ಊರಿಗೆ ಹೋದರೆ ಮುಗೀತು.

ಆಟೋ, ಜೆರಾಕ್ಸ್ ಖರ್ಚು ಹೇಗೋ ನೋಡಿಕೊಳ್ಳುತ್ತೇನೆ. ಕಷ್ಟ ಇರುವುದು ಬೇರೆ. ಬೆಳಗ್ಗೆ ನಾಕಾದಲ್ಲಿ ಡಬ್ಬಿ ಹಿಡಿದು ಕೆಲಸಕ್ಕೆ ಕಾಯುವವರನ್ನು ಒಂದು ತಾಸು ಮಾತಿಗೆ ಕೂರಿಸಿದರೆ ಅವತ್ತಿನ ಕೂಲಿಯೇ ಹೋಯ್ತು. ಸುಮ್ನೆ ಚಹಾ ಕುಡಿಸಿ ಕಳಿಸೋದು ನ್ಯಾಯವಲ್ಲ, ಅಲ್ವಾ?

ಐಸಿಎಂಆರ್‌ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಶೋಧನೆಗೆ ಕೊಡುವ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಎಂಬಿಬಿಎಸ್, ಬಿಡಿಎಸ್‌ನವರಿಗೆ, ನಮಗಲ್ಲ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣವೂ ವಿದ್ಯಾರ್ಥಿಯ ಕೈಗೆ ನೇರ ಬರಲ್ಲ, ಆ ಹಣ ಪಡೆಯಲು ಸರ್ಕಾರದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿ ಇರುವ ಸಂಸ್ಥೆ ಬೇಕು. ನಿಮ್ಮ ಸಂಘಕ್ಕೋ ಗೊತ್ತಿರುವ ಟ್ರಸ್ಟಿಗೋ ಆ ನೋಂದಣಿ ಇದೆಯಾ? ವಿದ್ಯಾರ್ಥಿಗಳಿಗೆ ಸಣ್ಣ ಮೊತ್ತ ಕೊಡುವವರು ಯಾರಾದರೂ ಇದ್ದಾರಾ? ದುಡ್ಡು ನನ್ನ ಖಾತೆಗೆ ಬೇಡ, ಕಾಲೇಜಿಗೇ ಹಾಕಲಿ.

ಇನ್ನೊಂದು. ಮಾತಾಡಿಸುವ ಮೊದಲು ಕೂಲಿಕಾರರಿಂದ ಪಡೆಯುವ ಒಪ್ಪಿಗೆ ಪತ್ರ ಕನ್ನಡದಲ್ಲಿ ಬರೆದಿದ್ದೇನೆ, ಆದರೆ ನಾನು ಉಡುಪಿ ಕಡೆಯವಳು. ಕಲಬುರಗಿ ಕಡೆಯ ಅಕ್ಕಂದಿರು ಯಾರಾದರೂ ಒಮ್ಮೆ ಓದಿ ತಿದ್ದಿಕೊಟ್ಟರೆ ದೊಡ್ಡ ಉಪಕಾರ. ಇನ್‌ಬಾಕ್ಸ್ ಮಾಡಿ.