ಪದಚರ್ಚೆ: ‘ಪ್ರಿಮಿಟಿವ್ಲಿ ಯೂಸೋಶಿಯಲ್’ ಕಡಜಕ್ಕೆ ಫಲಕದಲ್ಲಿ ಏನೆಂದು ಬರೆಯುವುದು?

ಪ್ರಶ್ನೆ:
ಬಳಗಕ್ಕೆ ನಮಸ್ಕಾರ. ಕಡಜಗಳ ಗುಂಪುಬಾಳನ್ನು ಅಭ್ಯಸಿಸಿದ ವಿಜ್ಞಾನಿ ರಾಘವೇಂದ್ರ ಗದಗಕರ್ ಅವರ ಸಂಶೋಧನೆ ಕುರಿತ ಪ್ರದರ್ಶನ ಫಲಕ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಅವರು ಅಭ್ಯಸಿಸಿದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಡಜವನ್ನು ಇಂಗ್ಲಿಷಿನಲ್ಲಿ ‘ಪ್ರಿಮಿಟಿವ್ಲಿ ಯೂಸೋಶಿಯಲ್’ ಎನ್ನುತ್ತಾರೆ, ನಾನು ‘ಪ್ರಾಚೀನ ಸಾಮಾಜಿಕ ಕಡಜ’ ಎಂದಿದ್ದೇನೆ. ‘ಅಣುಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ ಕಡಜಗಳತ್ತ ಹೊರಳಿದರು’ ಎಂಬ ಸಾಲೂ ಇದೆ. ಸರಿಯೇ?

ಉತ್ತರ 1:
‘ಪ್ರಾಚೀನ’ ಬೇಡವೇ ಬೇಡ, ಪಳೆಯುಳಿಕೆ ಎಂದುಕೊಳ್ಳುತ್ತಾರೆ. ಇಲ್ಲಿರುವುದು ಕಾಲದ ಮಾತಲ್ಲ. ಜೇನಿನ ರಾಣಿ ಕಂಡೊಡನೆ ಗೊತ್ತಾಗುತ್ತದೆ. ಈ ಕಡಜದಲ್ಲಿ ರಾಣಿಗೂ ದುಡಿಯುವವಕ್ಕೂ ಮೈಕಟ್ಟು ಒಂದೇ. ಒಂದೊಂದಕ್ಕೂ ಬಣ್ಣದ ಚುಕ್ಕೆ ಇಟ್ಟು, ಮೊಟ್ಟೆ ಇಡುವುದು ಯಾವುದೆಂದು ಗೂಡಿನ ಮುಂದೆ ಕೂತು ನೋಡಬೇಕು. ರಾಣಿಯನ್ನು ತೆಗೆದರೆ ಒಂದು ಹೆಣ್ಣು ಕೂಡಲೇ ಉಳಿದವುಗಳ ಮೇಲೆ ವಿಪರೀತ ಎರಗತೊಡಗುತ್ತದೆ. ರಾಣಿಯನ್ನು ಮರಳಿ ಬಿಡದಿದ್ದರೆ ಕೆಲವು ದಿನಗಳಲ್ಲಿ ಅದೇ ಮೊಟ್ಟೆ ಇಟ್ಟು ರಾಣಿಯಾಗುತ್ತದೆ. ಈ ವಿಷಯ ಫಲಕದಲ್ಲಿ ಬರಲೇಬೇಕು.

‘ಕೆಲಸಗಾರ’ ಎಂದಿದ್ದರೆ ತೆಗೆಯಿರಿ. ದುಡಿಯುವವೆಲ್ಲ ಹೆಣ್ಣು, ‘ದುಡಿಮೆಗಾರ್ತಿ’ ಎನ್ನಿ.

‘ಅಣುಜೀವಿ’ ಎಂದರೆ ಸೂಕ್ಷ್ಮಜೀವಿ ಎಂಬ ಬಳಕೆಯಿದೆ, ಹಾಗಾಗಿ ನಿಮ್ಮ ಸಾಲು ಮೈಕ್ರೋಬಯಾಲಜಿ ಎಂಬ ಅರ್ಥ ಕೊಡುತ್ತದೆ. ಅವರ ಪಿಎಚ್‌ಡಿ ಮಾಲಿಕ್ಯುಲರ್ ಬಯಾಲಜಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ). ‘ಆಣ್ವಿಕ ಜೀವವಿಜ್ಞಾನ’ ಎಂದು ಬಿಡಿಸಿ ಬರೆಯಿರಿ.

ಉತ್ತರ 2:
‘ಯೂಸೋಶಿಯಲ್’ಗೆ ‘ಸುಸಾಮಾಜಿಕ’ ಎನ್ನಿ. ‘ಒಳ್ಳೆಯ’ ಎಂಬರ್ಥದ ಗ್ರೀಕಿನ ‘ಯೂ’ ಮತ್ತು ಸಂಸ್ಕೃತದ ‘ಸು’ ಒಂದೇ ಬೇರಿನವು. 1966ರಲ್ಲಿ ಕೀಟವಿಜ್ಞಾನಿ ಸುಜಾನ್ ಬಾತ್ರಾ ಕಟ್ಟಿದ ಪದಕ್ಕೆ ಇದಕ್ಕಿಂತ ಹತ್ತಿರದ್ದು ಸಿಗದು.

ಉತ್ತರ 3:
ಬೇರು ಒಂದಾದರೆ ಆಯಿತೇ? ‘ಸುಸಾಮಾಜಿಕ’ ಎಂದರೆ ನಡತೆ ಒಳ್ಳೆಯದು ಎಂದಾಗುತ್ತದೆ. ‘ಕೂಡುಬಾಳಿನ ಕಡಜ’ ಸಾಕು. ಫಲಕ ಓದುವವರು ಶಾಲೆಯ ಮಕ್ಕಳು.

ಉತ್ತರ 1:
ಸಾಲದು. ಜಿಂಕೆ ಹಿಂಡೂ ಕೂಡಿಯೇ ಬಾಳುತ್ತದೆ. ಯೂಸೋಶಿಯಲ್ ಎನ್ನಲು ಮರಿಗಳನ್ನು ಒಟ್ಟಾಗಿ ಸಾಕಬೇಕು, ಹಿಂದಿನ ಮುಂದಿನ ತಲೆಮಾರುಗಳು ಒಂದೇ ಗೂಡಿನಲ್ಲಿರಬೇಕು, ಮೊಟ್ಟೆ ಇಡುವ ಕೆಲಸ ಕೆಲವಕ್ಕಷ್ಟೇ ಮೀಸಲಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಬೇರೆ ವರ್ಗ. ತಲೆಬರಹದಲ್ಲಿ ‘ಸಂಘಜೀವಿ ಕಡಜ’ ಎಂದಿಡಿ, ಒಳಗೆ ‘ಯೂಸೋಶಿಯಲ್’ ಹಾಗೆಯೇ ಇರಲಿ, ಪಕ್ಕದಲ್ಲಿ ಈ ಮೂರೂ ಗುಣ. ‘ಪ್ರಿಮಿಟಿವ್ಲಿ’ಗೆ ಒಂಟಿ ಪದ ಹುಡುಕದೆ ‘ರಾಣಿಗೂ ದುಡಿಮೆಗಾರ್ತಿಗೂ ಮೈಕಟ್ಟಿನ ಭೇದವಿಲ್ಲದ’ ಎಂದುಬಿಡಿ.

ಉತ್ತರ 3:
‘ಸಂಘ’, ‘ಜೀವಿ’ ಎರಡೂ ಸಂಸ್ಕೃತ, ಮೇಲೆ ಇಂಗ್ಲಿಷ್ ಬೇರೆ. ಕನ್ನಡದಲ್ಲಿ ಪದ ಕಟ್ಟುವುದನ್ನೇ ಬಿಟ್ಟೆವೇ?

ಉತ್ತರ 2:
‘ರಾಣಿ’ಯೂ ಹೊರಗಿನದೇ. ಅದನ್ನೂ ತೆಗೆಯುತ್ತೀರಾ?

ಉತ್ತರ 3:
ನೆಲೆನಿಂತ ಪದದ ತಂಟೆಗೆ ನಾನು ಹೋಗಿಲ್ಲ. ಹೊಸದಾಗಿ ಕಟ್ಟುವಾಗಲಾದರೂ ಮೊದಲು ನಮ್ಮಲ್ಲಿರುವುದನ್ನು ನೋಡಿ ಎಂದೆ.

ಪ್ರಶ್ನೆ ಕೇಳಿದವರು:
ಉತ್ತರ 1ರಂತೆ ತಿದ್ದಿದ್ದೇನೆ. ತಲೆಬರಹ ‘ಸಂಘಜೀವಿ ಕಡಜ’. ಚಿತ್ರದಡಿ ‘ಕೂಡುಬಾಳು’ ಬಳಸಿದ್ದೇನೆ, ಅಲ್ಲಿ ಅರ್ಥ ಕೆಡುವುದಿಲ್ಲ. ‘ಕಡಜ’ವನ್ನು ಕೆಲವು ಕಡೆ ‘ಕಣಜ’ ಎನ್ನುತ್ತಾರಲ್ಲ, ಅದನ್ನೂ ಸೇರಿಸಲೇ?

ಉತ್ತರ 1:
ಬೇಡ. ಕಾಳು ತುಂಬುವ ಕಣಜ ಎಂದು ಓದಿಕೊಳ್ಳುತ್ತಾರೆ.