ಪದ ಬೇಕಿದೆ: ಸ್ಪ್ಲೆನೆಕ್ಟಮಿ, ಮಕ್ಕಳ ಚೀಟಿಗೆ, ತುರ್ತು

ವಿ.ಎನ್.:
ಥಲಸ್ಸೀಮಿಯಾ, ಸ್ಫೀರೋಸೈಟೋಸಿಸ್‌ನಂಥ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಸ್ಪ್ಲೀನ್ (ಹೊಟ್ಟೆಯ ಎಡಗಡೆ ಇರುವ, ರಕ್ತ ಸೋಸುವ ಅಂಗ) ತೆಗೆದ ಮೇಲೆ, ಅಂದರೆ ಸ್ಪ್ಲೆನೆಕ್ಟಮಿ ಆದ ಮೇಲೆ, ಹೆತ್ತವರ ಕೈಗೆ ಕೊಡುವ ಚೀಟಿ ನಾಳೆ ಅಚ್ಚಿಗೆ ಹೋಗಬೇಕು. ‘ಗುಲ್ಮಚ್ಛೇದನ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ? ಒಂದು ಭಾಗ ಉಳಿಸಿದ್ದರೆ ಏನನ್ನಬೇಕು?

ಎಸ್. ಭಟ್ಟ:
ನಡೆಯುವುದಿಲ್ಲ. ಆಯುರ್ವೇದದಲ್ಲಿ ಗುಲ್ಮ ಹೊಟ್ಟೆಯೊಳಗಿನ ಗಂಟು, ಒಂದು ರೋಗ. ಅಂಗದ ಹೆಸರು ಪ್ಲೀಹ. ಗ್ರೀಕಿನ ಸ್ಪ್ಲೆನ್, ಲ್ಯಾಟಿನ್ನಿನ ಲಿಯೆನ್ ಅದರ ದಾಯಾದಿಗಳು. ಛೇದನವೆಂದರೆ ಬರೀ ಕತ್ತರಿಸುವುದು. ಪ್ಲೀಹೋಚ್ಛೇದನ ಎನ್ನಿ, ಭಾಗ ಉಳಿಸಿದರೆ ಆಂಶಿಕ ಪ್ಲೀಹೋಚ್ಛೇದನ.

ಕೆ.ಜಿ.:
ನಾಲಿಗೆ ಹೊರಳದ ಪದ. ಮಲೆನಾಡಲ್ಲಿ ಮಲೇರಿಯಾ ಕಾಲದಿಂದ ‘ಜ್ವರಗಡ್ಡೆ’ ಇದೆ. ‘ಜ್ವರಗಡ್ಡೆ ತೆಗೆದಿದೆ’ ಅನ್ನಿ, ಮುಗೀತು. ಸಂಸ್ಕೃತದ ಸಾಲ ಯಾಕೆ?

ಎಸ್. ಭಟ್ಟ:
ಜ್ವರ ಯಾವ ಭಾಷೆಯದು ಸ್ವಾಮಿ?

ಡಾ. ಎಂ.:
ಭಾಷೆ ಯಾವುದಾದರೂ ಇರಲಿ, ‘ಜ್ವರಗಡ್ಡೆ’ ಮಾತ್ರ ಬೇಡ. ಅದು ಊದಿಕೊಂಡ ಅಂಗದ ಹೆಸರು. ಗಡ್ಡೆ ಹೋಯಿತು, ಇನ್ನು ಜ್ವರದ ಭಯವಿಲ್ಲ ಎಂದು ತಾಯಿ ತಿಳಿದರೆ ಕೆಟ್ಟಿತು. ನ್ಯುಮೋಕಾಕಸ್‌ನಂಥ ಕವಚವಿರುವ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಸೋಸುವುದು ಸ್ಪ್ಲೀನ್. ಅದಿಲ್ಲದ ಮಗುವಿಗೆ ನಂಜೇರಿದರೆ ಗಂಟೆಗಳಲ್ಲೇ ಜೀವ ಹೋಗಬಹುದು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿತೋ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು, ಆಸ್ಪತ್ರೆಗೆ ಓಡಬೇಕು. ಈ ಅಪಾಯ ಚಿಕ್ಕ ಮಕ್ಕಳಿಗೇ ಹೆಚ್ಚೆಂದು, ಆದಷ್ಟೂ 5 ವರ್ಷ ಕಳೆಯುವವರೆಗೆ ಆಪರೇಷನ್ ಮುಂದೂಡುತ್ತಾರೆ.

ಚೀಟಿಯಲ್ಲಿ ಇರಲೇಬೇಕಾದದ್ದು: ನ್ಯುಮೋಕಾಕಸ್, ಮೆನಿಂಜೊಕಾಕಸ್, ಹಿಬ್ (ಹೀಮೋಫಿಲಸ್ ಇನ್‌ಫ್ಲುಯೆಂಜಾ ಬಿ) ಎಂಬ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳ ತಾರೀಖು (ಆಪರೇಷನ್‌ಗೆ ಕನಿಷ್ಠ 2 ವಾರ ಮುಂಚೆ ಆಗಿರಬೇಕು). ಸೋಂಕು ತಡೆಯಲು ಪೆನಿಸಿಲಿನ್ ವಿ ಎಂಬ ಆಂಟಿಬಯಾಟಿಕ್, 5 ವರ್ಷ ದಾಟಿದವರಿಗೆ ಸಾಮಾನ್ಯವಾಗಿ 250 ಮಿ.ಗ್ರಾಂ, ದಿನಕ್ಕೆರಡು ಸಲ; ಮಗು ಚೆನ್ನಾಗಿದೆಯಲ್ಲ ಎಂದು ನಿಲ್ಲಿಸುವವರೇ ಬಹಳ, ನಿಲ್ಲಿಸಬಾರದೆಂದು ದಪ್ಪಕ್ಷರದಲ್ಲಿ ಹಾಕಿ. ನಾಯಿ ಕಚ್ಚಿದರೆ ರೇಬೀಸ್ ಲಸಿಕೆಯ ಜೊತೆ ಆಂಟಿಬಯಾಟಿಕ್ಕೂ ಬೇಕು.

ಪದದ ಮಾತಿಗೆ ಬಂದರೆ, ‘ಗುಲ್ಮ (ಸ್ಪ್ಲೀನ್) ತೆಗೆದಿದೆ’ ಸಾಕು. ಗುಲ್ಮ ಶಾಲೆಯ ಪಠ್ಯದಲ್ಲೇ ಇದೆ. ಭಾಗ ಉಳಿಸಿದ್ದರೆ ‘ಗುಲ್ಮದ ಒಂದು ಭಾಗ ಉಳಿಸಿದೆ’. ಜ್ವರದ ನಿಯಮ ಅವರಿಗೂ ಅದೇ.

ಎಸ್. ಭಟ್ಟ:
ಕಂಸದಲ್ಲಿ ಸ್ಪ್ಲೀನ್ ಹಾಕುವುದಾದರೆ ಪದ ಕೇಳಿದ್ದೇಕೆ?

ಡಾ. ಎಂ.:
ಮಧ್ಯರಾತ್ರಿ ಚೀಟಿ ನೋಡುವ ಡ್ಯೂಟಿ ಡಾಕ್ಟರಿಗಾಗಿ. ಅವರಿಗೆ ಕನ್ನಡ ಬಾರದಿದ್ದರೆ ಕಂಸದ್ದೂ ಸಾಲದು, ಇಂಗ್ಲಿಷ್ ಲಿಪಿಯಲ್ಲೂ ಒಂದು ಸಾಲು ಇರಲಿ.

ಕೆ.ಜಿ.:
ಹಾಗಾದರೆ ಕಿಡ್ನಿ, ಲಿವರ್ ಜೊತೆ ಇದನ್ನೂ ಸೇರಿಸಿ. ಜನ ಆಡೋದು ಅದೇ.

ಎಸ್. ಭಟ್ಟ:
ಮೂತ್ರಪಿಂಡವನ್ನೂ ಆಡುತ್ತಾರೆ. ಹೀಗೆ ಕೈಚೆಲ್ಲಿದ್ದರೆ ಆ ಪದವೂ ಇರುತ್ತಿರಲಿಲ್ಲ.

ವಿ.ಎನ್.:
ಎಂ. ಅವರ ಸಾಲನ್ನೇ ಹಾಕುತ್ತಿದ್ದೇನೆ. ಉಳಿದದ್ದು ನೀವು ಮುಂದುವರಿಸಿ.